ಸೂಟಿನ ನಡುವಿನ ಗುಂಡಿ

ಲೇ ಬಸವಕುಮಾರ,

ಎದ್ಯಾ? ಇವತ್ತು ತೋಟಕ್ಕೆ ಕಾಯಿ ಕೀಳೋರು ಬತ್ತಾರೆ, ಅದಕ್ಕೇ ಬಿಳಿಗೆರೆಗೆ ಹೊರಟೆ. ನೀನು ಸ್ಕೂಲಿನ ಸೆಂಡಾಫ್‌ಗೆ ಹೊರಡೋ ಹೊತ್ತಿಗೆ ಈ ಅಜ್ಜಿ ಮನೇಲಿರಲ್ಲ.

ಉಪ್ಪಿಟ್ಟು ಒಲೆ ಮೇಲಿದೆ. ತಿಂದ ಮೇಲೆ ಸೂಟು ಹಾಕ್ಕೋ, ಮೊದಲೇ ಅಲ್ಲ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಕೋಟು ಮುಟ್ಟೀಯ, ಜೋಕೆ.

ನಿನ್ನೆ ನಾನು ಕೂಗಾಡಿದ್ದು ಕೋಟಿಗಲ್ಲ ಕಣಪ್ಪ. ನೀನು ಆರಿಸಿದ ನೀಲಿ ನಿಂಗೆ ಚೆನ್ನಾಗಿ ಒಪ್ಪುತ್ತೆ, ಹೆಗಲೂ ಅಚ್ಚಲ್ಲಿ ಎರೆದಂಗೆ ಕೂತಿದೆ. ಆದ್ರೆ ಅಳತೆ ಕೊಡೋ ದಿನ ಕೊರಳಲ್ಲಿರೋ ಲಿಂಗದ ಬೆಳ್ಳಿ ಕರಡಿಗೆ ಬಿಚ್ಚಿ ಗೂಟಕ್ಕೆ ನೇತಾಕಿ ಹೋದೋನು ಯಾರು? ದರ್ಜಿ ಯೋಗೀಶ ಪಾಪ, ಬರೀ ಎದೆ ನೋಡಿ ಬಿಗಿಯಾಗಿ ಹೊಲಿದ. ಈಗ ಕರಡಿಗೆ ಕಟ್ಟಿದ್ರೆ ನಡುವಿನ ಗುಂಡಿ ಹತ್ತಲ್ಲ. ಹಂಗಂತ ಲಿಂಗಾನೇ ಮನೇಲಿ ಬಿಟ್ಟು ಹೋಗ್ತೀನಿ ಅಂತೀಯಲ್ಲ! ಬೆಪ್ಪೇ, ಅಲ್ಲಿ ಉಬ್ಬೋದು ಬೆಳ್ಳಿ ಕಣ್ಲಾ, ಲಿಂಗ ಅಲ್ಲ.

ದೇವರ ಮನೇಲಿ ಒಂದು ರೇಷ್ಮೆ ವಸ್ತ್ರ ಇಟ್ಟಿದೀನಿ. ಪೂಜೆ ಮಾಡಿ, ಲಿಂಗಾನ ಅದರಲ್ಲಿ ಸುತ್ತಿ, ಶರ್ಟಿನೊಳಗೆ ಗುಂಡಿಗಿಂತ ಒಂಚೂರು ಮೇಲಕ್ಕೆ ಕಟ್ಕೋ. ಬೆಳ್ಳಿ ಕರಡಿಗೆ ನನ್ನ ಪೆಟ್ಟಿಗೇಲಿಡು, ಅದು ಒಂದು ದಿನ ಮನೆ ಕಾಯಲಿ. ವಸ್ತ್ರ ನನ್ನ ಧಾರೆ ಸೀರೆ ಸೆರಗಿಂದು. ಕತ್ತರಿಸಿದ್ದು ನಿಮ್ಮಮ್ಮಂಗೆ ಹೇಳ್ಬೇಡ, ಗೋಳಾಡ್ತಾಳೆ.

ಫೋಟೋ ತೆಗೆಯೋವಾಗ ಬೆನ್ನು ಗೂನು ಮಾಡ್ಬೇಡ, ಎದೆ ಸೆಟೆದು ನಿಲ್ಲು. ಒಳಗೇನಿದೆ ಅಂತ ಯಾರಿಗೂ ಕಾಣಲ್ಲ. ನಂಗೊಬ್ಬಳಿಗೆ ಕಾಣುತ್ತೆ, ಅಷ್ಟು ಸಾಕು ಬುಡು.

ಅಜ್ಜಿ