ಗದಗಿನಿಂದ ನಿಂತೇ ಬಂದೆ

ರೋಣ, ೨೦೦೬

ಅಬ್ಬಾ,

ಇವತ್ತು ಗದಗಿನ ದವಾಖಾನೆಗೆ ಹೋಗಿ ಬಂದೆ. ನನಗೂ ಈಗ ಮೂತ್ರ ತಡೆಯಲಾಗುತ್ತಿಲ್ಲ.

"ನಿಮ್ಮ ತಂದಿಗೂ ಹಿಂಗ ಇತ್ತೇನ್ರಿ? ಇತ್ತಂದ್ರ ಪ್ರಾಸ್ಟೇಟ್ ಕ್ಯಾನ್ಸರಿನ ರಕ್ತ ಪರೀಕ್ಷಾ ಇವತ್ತ ಮಾಡೂಣು. ಇಲ್ಲಂದ್ರ ಗುಳಗಿ ತಗೊಂಡು ಮೂರು ತಿಂಗಳು ನೋಡೂಣು" ಎಂದರು ಡಾಕ್ಟರು.

ನಿಮ್ಮ ಕೊನೆಯ ವರ್ಷ ನೆನಪಾಯಿತು. ನೀವು ಮಸೀದಿಗೆ ಹೋಗುವುದನ್ನೇ ಬಿಟ್ಟಿದ್ದಿರಿ. ಪೇಟೆಯಲ್ಲಿ, ಮಂದಿಯ ಮುಂದೆ, "ಮಣ್ಣಿಗೆ ಹೋಗೋ ವಯಸ್ಸಿನ್ಯಾಗ ನಮಾಜ ಬಿಟ್ಟು ಕುಂತೀರಲ್ಲಾ, ನಾಚಿಕಿ ಬರೂದಿಲ್ಲೇನು?" ಎಂದು ನಾನು ಗದರಿದೆ. ನೀವು ಅಂಗಿಯ ಅಂಚನ್ನು ಕೆಳಗೆಳೆದುಕೊಂಡು ನಿಂತಿರಿ. ಕೈಕಾಲು ತೊಳೆದು ಮಾಡಿಕೊಂಡ ವಜೂ ಒಂದು ಹನಿ ಉಚ್ಚೆಗೆ ಮುರಿಯುತ್ತದೆ, ಒದ್ದೆ ಬಟ್ಟೆಯಲ್ಲಿ ನಮಾಜಿನ ಸಾಲಿಗೆ ನಿಲ್ಲುವಂತಿಲ್ಲ ಎಂದು ನೀವು ಹೇಳಲಿಲ್ಲ. ಆಮೇಲೆ ಸೊಂಟ ನೋವೆಂದು ಮಲಗಿದವರು ಏಳಲಿಲ್ಲ. ಯಾವ ಬೇನೆಯೆಂದು ನಾನು ಎಲ್ಲಿಯೂ ತೋರಿಸಲಿಲ್ಲ.

ಐದು ಶುಕ್ರವಾರದಿಂದ ನಾನೂ ಮನೆಯಲ್ಲೇ ಇದ್ದೇನೆ.

ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. "ನಮ್ಮ ಅಬ್ಬಾಗ ಏನೂ ಇರಲಿಲ್ರಿ, ಗಟ್ಟಿ ಆಳು" ಎಂದೆ. ಅವರು ಗುಳಿಗೆ ಬರೆದುಕೊಟ್ಟರು.

ರೋಣದ ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ಅಂಗಿಯ ಅಂಚನ್ನು ಕೆಳಗೆಳೆದುಕೊಂಡು ನಾನು ನಿಂತೇ ಬಂದೆ.