ಕಂಪೈಲರ್ ನುಂಗಿದ ಸಾಲು

ಆಗಸ್ಟ್ 12, ಮಂಗಳವಾರ. ಪುತ್ತೂರು

ತಿಮ್ಮಕ್ಕ ಸ್ವಿಚ್ ಮುಟ್ಟಿಯೇ ಇರಲಿಲ್ಲ.

ಕೊಯಿಲದ ಮುನೀರಾ ಕೋಳಿಮೊಟ್ಟೆ ಮರಿಮಾಡುವ ಇನ್‌ಕ್ಯುಬೇಟರಿಗೆ, ಬಿಸಿ ಹತೋಟಿಯಲ್ಲಿಡುವ ಕಂಟ್ರೋಲರ್ ಮಾಡಿಕೊಟ್ಟವಳು ನಾನು. ಕಳೆದ ವಾರ ಹೀಟರ್ ಆರದೆ ಆರುನೂರು ಮೊಟ್ಟೆ ಒಳಗೇ ಬೆಂದವು. ಹತ್ತೊಂಬತ್ತನೇ ದಿನದವು, ಒಡೆದರೆ ಗರಿ ಮೂಡಿದ ಮರಿಗಳು. ನಾನು ಕೋಡ್ ನೋಡಿ, "ಬಿಸಿ ಹೆಚ್ಚಾದರೆ ಆರಿಸುವ ಸಾಲು ಸರಿಯಾಗಿಯೇ ಉಂಟು. ಯಾರೋ ಹೀಟರನ್ನು ಕೈಯಿಂದ ಹಚ್ಚಿಡುವ ಮ್ಯಾನುವಲ್ ಸ್ವಿಚ್ ಹಾಕಿದ್ದಾರೆ" ಎಂದುಬಿಟ್ಟೆ. ಅಲ್ಲಿ ಕೆಲಸಕ್ಕಿದ್ದದ್ದು ತಿಮ್ಮಕ್ಕ ಒಬ್ಬರೇ.

"ನಾನು ಮುಟ್ಟಲಿಲ್ಲ ಮಾರಾಯ್ತಿ. ಬೇಕಾದ್ರೆ ದೈವದ ಎದುರು ಪ್ರಮಾಣ ಮಾಡ್ತೇನೆ" ಎಂದರು. ಭಾನುವಾರ ಹೋಗಿ ಮಾಡಿಯೂ ಬಂದರು. ಮುನೀರಾ ನಂಬಿದ್ದು ನನ್ನನ್ನು. ಇನ್ನು ಕೆಲಸಕ್ಕೆ ಬರುವುದು ಬೇಡ ಎಂದಳು.

ಇಂದು ಯಂತ್ರದೊಳಗೆ ನಿಜವಾಗಿ ಹೋದ ಆದೇಶಗಳನ್ನು ಒಂದೊಂದಾಗಿ ಓದಿದೆ. ನನ್ನ ಆ ಸಾಲು ಅಲ್ಲಿಲ್ಲ. ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್, ವೇಗ ಹೆಚ್ಚಿಸುವ ನೆಪದಲ್ಲಿ, ಅದನ್ನೇ ಕಿತ್ತುಹಾಕಿದೆ. ವೇಗ ಹೆಚ್ಚಿಸುವ ಆ ಆಪ್ಟಿಮೈಸೇಶನ್ ನಿಲ್ಲಿಸಿದರೆ ಸಾಲು ಬರುತ್ತದೆ. ಮತ್ತೆ ಹಾಕಿದರೆ ಮಾಯ. ಜುಲೈಯಲ್ಲಿ ಹೊಸ ಕಂಪೈಲರಿಗೆ ಬದಲಾಯಿಸಿದ್ದೆ. ತಪ್ಪು ಅದರದ್ದೇ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಥೂ.

ಸಂಜೆ ಮುನೀರಾಳಿಗೆ ಫೋನ್ ಮಾಡಿ ಹೇಳಿದೆ. "ಎಂತ ಮಾಡುದು ಈಗ? ತಿಮ್ಮಕ್ಕ ನನ್ನ ಫೋನೇ ತೆಗೆಯುದಿಲ್ಲ" ಎಂದಳು.

ನಾಳೆ ನಾನೇ ಅವರ ಮನೆಗೆ ಹೋಗಬೇಕು. ಕಂಪೈಲರ್ ಅಂದರೆ ಏನೆಂದು ಹೇಳಲಿ ಅವರಿಗೆ? ಒಳಗೆ ಏನಿದೆಯೆಂದು ಓದಿಯೂ ನೋಡದೆ ಯಂತ್ರದ ಪರವಾಗಿ ಅಷ್ಟು ಖಂಡಿತವಾಗಿ ಮಾತಾಡಿದೆ. ನನ್ನನ್ನು ಯಾರೂ ಪ್ರಮಾಣ ಮಾಡು ಅನ್ನಲಿಲ್ಲ.