ಕುದುರೆ ಈಗ ಏಳುತ್ತದೆ

ಅತ್ತೆ,

ನನ್ನ ಕಂಪ್ಯೂಟರ್ ಚದುರಂಗದ ಕುದುರೆ ಸರಿಯಾಗಿಯೇ ಇತ್ತು. ನಿನ್ನೆ ನೀವು "ಕುದ್ರೆ ಸತ್ತ್ಹೋಯ್ತು ಕಾಣ್ತದೆ ಮಾರಾಯ್ತಿ, ಎಷ್ಟ್ ಒತ್ತಿದ್ರೂ ಏಳೂದೇ ಇಲ್ಲ" ಅಂದಿರಲ್ಲ, ಆಗ ಕುದುರೆಗೆಂದು ಕೆ ಒತ್ತುತ್ತಿದ್ದಿರಿ. ನಾನೋ ಇಂಗ್ಲಿಷಿನ 'ಕಿಂಗ್' ಲೆಕ್ಕದಲ್ಲಿ ಕೆ ಅಕ್ಷರವನ್ನು ರಾಜನಿಗೆ ಕೊಟ್ಟಿದ್ದೆ. ಪಾಪ, ರಾಜ ಕುದುರೆಯಂತೆ ಜಿಗಿಯುವುದು ಹೇಗೆ?

ಈಗ ರಾಜನಿಗೆ ಆರ್, ಆನೆಗೆ ಎ, ಕುದುರೆಗೆ ಕೆ. ಪ್ರೋಗ್ರಾಮಿನಲ್ಲಿ ಪ್ರತಿ ಕಾಯಿಗೂ ಕ್ಲಾಸ್ ಎಂಬ ಬೇರೆ ಬೇರೆ ತುಂಡು ಬರೆದದ್ದು ಸಾರ್ಥಕವಾಯಿತು. ತನ್ನ ಹೆಸರನ್ನೂ ನಡೆಯನ್ನೂ ಕಾಯಿಯೇ ಇಟ್ಟುಕೊಂಡಿರುವುದರಿಂದ ಅಲ್ಲಿ ಅಕ್ಷರ ಬದಲಿಸಿದರೆ ಸಾಕಾಯಿತು, ಮಣೆಯನ್ನು ಮುಟ್ಟಲೇ ಇಲ್ಲ. ಆ ಖುಷಿಯಲ್ಲಿ ಚಹಾ ಉಕ್ಕಿಸಿದೆ. ಒಲೆ ಒರೆಸಿದ್ದೇನೆ.

ಇವತ್ತು ಕಾರವಾರದಲ್ಲಿ ಪ್ರಾಜೆಕ್ಟ್ ಪರೀಕ್ಷೆ. ಫ್ಲಾಪಿಯಲ್ಲಿ ಹಳೆಯ ಆಟವೂ ಇದೆ, ಹೊಸದೂ ಇದೆ. ಹಳೆಯದನ್ನು ತೋರಿಸಿದರೆ ಅಪಾಯವಿಲ್ಲ, ಆದರೆ ನನಗೆ ಹೊಸದನ್ನೇ ತೋರಿಸುವ ಆಸೆ. ನಾನು ಆಡಿ ನೋಡಿದರೆ ತಪ್ಪು ಸಿಗುವುದಿಲ್ಲ, ಏನು ಒತ್ತಬೇಕೆಂದು ನನಗೆ ಮೊದಲೇ ಗೊತ್ತಲ್ಲ. ಅದಕ್ಕೇ ನೀವು ಹೊಸದರಲ್ಲಿ ಒಂದಾಟ ಆಡಿ, ಕುದುರೆ ಎದ್ದಿತೋ ಇಲ್ಲವೋ ಎಂದು ಮಧ್ಯಾಹ್ನದೊಳಗೆ ಗೆಳತಿ ದೀಕ್ಷಾಳ ಮೊಬೈಲಿಗೆ ಫೋನ್ ಮಾಡಿ. ನಂಬರು ಕ್ಯಾಲೆಂಡರಿನ ಮೇಲಿದೆ.

ಕಂಪ್ಯೂಟರ್ ಆರಿಸಿಲ್ಲ. ಬಂಗಡೆ ಸಾರು ಉಂಡ ಕೈಯಲ್ಲಿ ಕೀಬೋರ್ಡ್ ಮುಟ್ಟಬೇಡಿ, ದಯವಿಟ್ಟು. ಕರೆಂಟ್ ಹೋಗಿ ಯುಪಿಎಸ್ ಕೂಗಿದರೆ, ಗೆಲ್ಲುತ್ತಿದ್ದರೂ ಆಟ ಬಿಟ್ಟು ಕಂಪ್ಯೂಟರ್ ಆರಿಸಿಬಿಡಿ.

ಕುದುರೆ ಎದ್ದರೆ ಹೊಸದನ್ನೇ ತೋರಿಸುತ್ತೇನೆ. ಕುದುರೆಗೆ ಕೆ ಯಾಕೆ ಎಂದು ಪರೀಕ್ಷಕರು ಕೇಳಿದರೆ, ಇದನ್ನು ಆಡುವವರು ಅಂಕೋಲೆಯ ನಮ್ಮತ್ತೆ ಎಂದು ಹೇಳುತ್ತೇನೆ.

ನೀತಾ